ಪಂಚಾಯತ್‌ಗೊಂದು ಪಟ್ಟಿ, ವಿಧಾನಸಭೆಗೊಂದು ಪಟ್ಟಿ: ಎರಡನ್ನೂ ಒಂದು ಮಾಡಬೇಕಾ?

ಪೆರ್ಲ ಕಡೆಯವ

ಎಲ್ಲರಿಗೂ ನಮಸ್ಕಾರ. ಮೊದಲು 2025ರ ಡಿಸೆಂಬರ್ 11ರಂದು ಇಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ.

ಮಗಳಿಗೆ 2025ರ ಮಾರ್ಚ್‌ನಲ್ಲಿ 18 ತುಂಬಿತು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಫಾರಂ 6 ಹಾಕಿದೆವು. ಮಳೆಗಾಲದಲ್ಲಿ ಅಂಚೆಯವರು ಮತದಾರರ ಕಾರ್ಡ್ ತಂದುಕೊಟ್ಟರು. ಅದನ್ನು ಅವಳು ಅಜ್ಜಿಗೆ, ಪಕ್ಕದ ಮನೆಯವರಿಗೆ, ಹಾಲಿನವರಿಗೆ ಎಲ್ಲರಿಗೂ ತೋರಿಸಿದಳು. ಪಂಚಾಯತ್ ಚುನಾವಣೆಯ ದಿನ ಬೆಳಿಗ್ಗೆ ಏಳಕ್ಕೇ ಸಾಲಿನಲ್ಲಿ ನಿಂತಿದ್ದಳು. ಒಳಗೆ ಅಧಿಕಾರಿ ಪಟ್ಟಿಯ ಮೇಲೆ ಎರಡು ಸಲ ಬೆರಳಾಡಿಸಿದರು. ನನ್ನ ಹೆಸರು ಉಂಟು, ಅವಳ ಅಮ್ಮನ ಹೆಸರು ಉಂಟು, ಅವಳದ್ದಿಲ್ಲ. 'ಮೋಳೇ, ಇದರಲ್ಲಿ ಇಲ್ಲ' ಎಂದರು. ಮನೆಗೆ ಬಂದವಳು ಕಾರ್ಡನ್ನು ಮೇಜಿನ ಮೇಲೆ ಮಗುಚಿ ಇಟ್ಟು ಒಳಗೆ ಹೋದಳು.

ವಿಚಾರಿಸಿದಾಗ ವಿಷಯ ಗೊತ್ತಾಯಿತು. ಲೋಕಸಭೆ, ವಿಧಾನಸಭೆಯ ಪಟ್ಟಿಗೆ ಈಗ ವರ್ಷದಲ್ಲಿ ನಾಲ್ಕು ಅರ್ಹತಾ ದಿನಾಂಕ, ಅಂದರೆ 18 ತುಂಬಿರಬೇಕಾದ ದಿನ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 2021ರ ಕಾನೂನು ತಿದ್ದುಪಡಿಯಿಂದ ಆದದ್ದು ಅದು. ಪಂಚಾಯತ್ ಪಟ್ಟಿಗೆ 2025ರ ಜನವರಿ 1 ಒಂದೇ. ಒಂದೇ ಹುಡುಗಿ, ಒಂದೇ ಮನೆ. ಒಂದು ಪಟ್ಟಿಗೆ ದೊಡ್ಡವಳು, ಇನ್ನೊಂದಕ್ಕೆ ಮಗು.

2024ರ ಮಾರ್ಚ್‌ನಲ್ಲಿ ಚುನಾವಣೆಗಳನ್ನು ಒಟ್ಟಿಗೆ ನಡೆಸುವ ಬಗ್ಗೆ ಕೇಂದ್ರ ನೇಮಿಸಿದ್ದ, ಮಾಜಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಸಮಿತಿ ಒಂದು ಶಿಫಾರಸು ಮಾಡಿತ್ತು. ಸಂವಿಧಾನದ 325ನೇ ವಿಧಿ ತಿದ್ದಿ, ಎಲ್ಲ ಚುನಾವಣೆಗೂ ಒಂದೇ ಮತದಾರರ ಪಟ್ಟಿ, ಒಂದೇ ಕಾರ್ಡ್ ಮಾಡಬೇಕು ಎಂದು. ಹಾಗಾದರೆ ನಮ್ಮ ಪಂಚಾಯತ್ ರಾಜ್ ಕಾಯ್ದೆಯೂ ಬದಲಾಗಬೇಕು. ನನಗೆ ಅದು ಸರಿ ಎಂದು ಕಾಣುತ್ತದೆ. ನಿಮಗೆ ಏನನಿಸುತ್ತದೆ?

ಉಪ್ಪಳ ಪೇಟೆ

ನಾನು ನಿಮ್ಮ ಪರ. ದಿನಕ್ಕೆ ಹತ್ತಿಪ್ಪತ್ತು ಜನಕ್ಕೆ ಫಾರಂ ತುಂಬಿಸಿ ಕೊಡುವುದು ನನ್ನ ಕೆಲಸ. ಎಲ್ಲಿ ಎಡವುತ್ತಾರೆ ಎಂದು ಚೆನ್ನಾಗಿ ಗೊತ್ತು.

ಫಾರಂ ನಂಬರ್ ಒಂದನ್ನೇ ನೋಡಿ. ವಿಧಾನಸಭೆ ಪಟ್ಟಿಗೆ ಹೊಸ ಹೆಸರು ಸೇರಿಸಲು ಫಾರಂ 6. ಪಂಚಾಯತ್ ಪಟ್ಟಿಗೆ ಹೊಸ ಹೆಸರು ಸೇರಿಸಲು ಫಾರಂ 4. ಅಲ್ಲಿ ಫಾರಂ 6 ಎಂದರೆ ತಿದ್ದುಪಡಿ. ವಿಧಾನಸಭೆಯಲ್ಲಿ ತಿದ್ದುಪಡಿಗೆ ಫಾರಂ 8. ಇನ್ನು ಫಾರಂ 7 ಕೇಳಿ. ಪಂಚಾಯತ್ ಪಟ್ಟಿಯಲ್ಲಿ ಅದು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಹೋಗಲು. ವಿಧಾನಸಭೆ ಪಟ್ಟಿಯಲ್ಲಿ ಅದೇ ಫಾರಂ 7 ಹೆಸರು ತೆಗೆಸಲು! 'ನನ್ನ ಮನೆ ಬದಲಾಯಿತು, ಏಳು ಕೊಡಿ' ಎಂದು ಬರುವವರನ್ನು ಕೂರಿಸಿ 'ಯಾವ ಪಟ್ಟಿಗೆ' ಎಂದು ಎರಡು ಸಲ ಕೇಳುತ್ತೇನೆ. ಕೇಳದೆ ಕಳಿಸಿದರೆ ಅವರ ಹೆಸರನ್ನು ಅವರೇ ತೆಗೆಸಿಕೊಂಡ ಹಾಗೆ ಆಗುತ್ತದೆ.

ಕಾರ್ಡಿನ ನಂಬರ್ ಕೂಡ ಬೇರೆ. ಈ ಸಲ ಪಂಚಾಯತ್ ಪಟ್ಟಿಯಲ್ಲಿ ಎಸ್‌ಇಸಿ (ರಾಜ್ಯ ಚುನಾವಣಾ ಆಯೋಗದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು) ಎಂದು ಶುರುವಾಗುವ ನಂಬರ್ ಕೊಟ್ಟಿದ್ದಾರೆ. ವಯಸ್ಸಾದವರಿಗೆ ಎರಡೆರಡು ನಂಬರ್ ಯಾಕೆ ಬೇಕು?

ಹಳೇ ಮೇಷ್ಟ್ರು, ನೀರ್ಚಾಲು

ಒಂದು ಪಟ್ಟಿಯ ಮಾತು ಹೊಸತಲ್ಲ. ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲೇ ಹೇಳಿತ್ತು. ಹೆಚ್ಚಿನ ರಾಜ್ಯಗಳು ವಿಧಾನಸಭೆಯ ಪಟ್ಟಿಯನ್ನೇ ಪಂಚಾಯತಿಗೂ ಬಳಸಿಕೊಳ್ಳುತ್ತವೆ. ಬೇರೆ ಪಟ್ಟಿ ಮಾಡುವ ಕೆಲವು ರಾಜ್ಯಗಳಲ್ಲಿ ಕೇರಳವೂ ಒಂದು. ಸಂವಿಧಾನದ 243ಕೆ ವಿಧಿ ಪಂಚಾಯತ್ ಪಟ್ಟಿಯ ಹೊಣೆಯನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಕೊಟ್ಟಿದೆ. ಕಾನೂನು ಮಾಡುವ ಅಧಿಕಾರ ರಾಜ್ಯದ್ದು.

ಇನ್ನೊಂದು ವಿಷಯ ಸ್ಪಷ್ಟವಾಗಲಿ. 2024ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಏಕಕಾಲದ ಚುನಾವಣೆಯ 129ನೇ ಸಂವಿಧಾನ ತಿದ್ದುಪಡಿ ಮಸೂದೆಯಲ್ಲಿ ಪಂಚಾಯತ್ ಇಲ್ಲ, ಒಂದು ಪಟ್ಟಿಯೂ ಇಲ್ಲ. ಒಂದು ಪಟ್ಟಿ ಬೇಕಾದರೆ ಕನಿಷ್ಠ ಅರ್ಧದಷ್ಟು ರಾಜ್ಯಗಳು ಒಪ್ಪಬೇಕು ಎಂದು ಕೋವಿಂದ್ ಸಮಿತಿಯೇ ಹೇಳಿದೆ. ಕೇರಳ ಸುಲಭಕ್ಕೆ ಒಪ್ಪುವುದು ಕಷ್ಟ. ಮನೆ ಮನೆಗೆ ಫಾರಂ ಕೊಟ್ಟು ವಿಧಾನಸಭೆಯ ಪಟ್ಟಿಯನ್ನು ಹೊಸದಾಗಿ ಪರಿಶೀಲಿಸುವ ವಿಶೇಷ ತೀವ್ರ ಪರಿಷ್ಕರಣೆಯನ್ನೇ ವಿರೋಧಿಸಿ ನಮ್ಮ ವಿಧಾನಸಭೆ 2025ರ ಸೆಪ್ಟೆಂಬರ್ 29ರಂದು ಒಮ್ಮತದ ನಿರ್ಣಯ ಮಾಡಿದೆ.

ನನ್ನ ಅಭಿಪ್ರಾಯ ಕೇಳಿದರೆ, ಮಗಳ ವಿಷಯಕ್ಕೆ ಒಂದು ಪಟ್ಟಿ ಬೇಕಾಗಿಲ್ಲ. ರಾಜ್ಯ ತನ್ನ ಕಾನೂನಿನಲ್ಲಿ ನಾಲ್ಕು ಅರ್ಹತಾ ದಿನಾಂಕ ಸೇರಿಸಿದರೆ ಸಾಕು. ಅದು ಚಿಕ್ಕ ತಿದ್ದುಪಡಿ. 21 ಇದ್ದ ಮತದ ವಯಸ್ಸನ್ನು 18ಕ್ಕೆ ತಂದ 61ನೇ ತಿದ್ದುಪಡಿ 1989ರಲ್ಲಿ ಜಾರಿಗೆ ಬಂತು. ಆಗ ಪ್ರಾಯದ ಹುಡುಗರು ಎಷ್ಟು ಸಂತೋಷಪಟ್ಟರು ಎಂದು ನಾನು ಕಣ್ಣಾರೆ ನೋಡಿದ್ದೇನೆ. ನಿಮ್ಮ ಮಗಳ ಬೇಸರ ನನಗೆ ಅರ್ಥವಾಗುತ್ತದೆ.

ವಿಟ್ಲದಿಂದ ಬಾಯಾರಿಗೆ

ಮೇಷ್ಟ್ರು ಹೇಳಿದ ಪರಿಷ್ಕರಣೆಯ ಮಾತಿಗೇ ನಾನು ಬರುತ್ತೇನೆ. ನವೆಂಬರ್ 4ರಿಂದ ಮನೆ ಮನೆಗೆ ಫಾರಂ ಬಂತಲ್ಲ, ಅದನ್ನು ನಮ್ಮ ಮನೆಯಲ್ಲಿ ತುಂಬಿಸಿದ ಕಥೆ ಹೇಳದಿದ್ದರೆ ಈ ಚರ್ಚೆ ಪೂರ್ತಿಯಾಗುವುದಿಲ್ಲ.

ನಮಗೆ ಬಂದ ಫಾರಂ ಮಲಯಾಳದಲ್ಲಿತ್ತು. ನಾನು ಮದುವೆಯಾಗಿ ಬಂದದ್ದು 2006ರಲ್ಲಿ. ಮಾತಾಡುವಷ್ಟು ಮಲಯಾಳ ಬರುತ್ತದೆ, ಓದಲು ಬರುವುದಿಲ್ಲ. ಅತ್ತೆಗೆ 74 ವರ್ಷ, ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಮಕ್ಕಳೂ ಕನ್ನಡ ಮಾಧ್ಯಮ. ಕೊನೆಗೆ ಎದುರು ಮನೆಯ ಹುಡುಗನನ್ನು ಕರೆದು ಓದಿಸಿದೆವು.

ಕೆಳಗೆ ಎರಡು ಭಾಗ ಇತ್ತು. ಹಿಂದಿನ ಸಲ ಇಂಥ ಪರಿಷ್ಕರಣೆ ಆದ 2002ರ ಪಟ್ಟಿಯಲ್ಲಿ ನಮ್ಮ ಹೆಸರಿದ್ದರೆ ಎಡಗಡೆ. ಇಲ್ಲದಿದ್ದರೆ ಅಪ್ಪನದ್ದೋ ಅಮ್ಮನದ್ದೋ ವಿವರ ಬಲಗಡೆ. ನನ್ನ ಅಪ್ಪನ ಹೆಸರು ಇರುವುದು ವಿಟ್ಲದ ಪಟ್ಟಿಯಲ್ಲಿ. ಅಂದರೆ ಕರ್ನಾಟಕದ 2002ರ ಪಟ್ಟಿ, ಕನ್ನಡದಲ್ಲಿ. ತಮ್ಮ ಅಲ್ಲಿಂದ ಹುಡುಕಿ ಭಾಗದ ನಂಬರ್, ಸಾಲಿನ ನಂಬರ್ ಕಳಿಸಿದ. ಕನ್ನಡದ 'ಐತಪ್ಪ'ವನ್ನು ನಾವು ಹೇಳಿದ ಹಾಗೆ ಹುಡುಗ ಮಲಯಾಳದಲ್ಲಿ ಬರೆದ. ಸರಿ ಬರೆದನಾ ಎಂದು ನೋಡಲು ನನಗೆ ಬರುವುದಿಲ್ಲ. ಸಹಿ ಮಾತ್ರ ನನ್ನದು.

ಅತ್ತೆಯದ್ದು ಇನ್ನೂ ಕಷ್ಟ ಆಯಿತು. ಅವರ ಹೆಸರು ದೇಯಿ. ತುಳುನಾಡಿನಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. 2002ರ ಪಟ್ಟಿಯಲ್ಲಿ 'ದೇವಿ' ಎಂದಿದೆ. ಕಾರ್ಡಿನಲ್ಲಿ 'ದೇವಕಿ'. ಪಂಚಾಯತ್ ಪಟ್ಟಿಯಲ್ಲಿ ಮಾತ್ರ ಸರಿಯಾಗಿ 'ದೇಯಿ'. ಮನೆಯ ಹೆಸರು ಹೊಸಮನೆ. ಒಂದರಲ್ಲಿ ಹೊಸಮನೆ, ಇನ್ನೊಂದರಲ್ಲಿ ಯಾರೋ ಅದನ್ನು ಮಲಯಾಳಕ್ಕೆ ತಿರುಗಿಸಿ 'ಪುದಿಯ ವೀಡ್' ಮಾಡಿದ್ದಾರೆ. ನಮ್ಮ ಮನೆಗೆ ಆ ಹೆಸರು ಯಾವತ್ತೂ ಇರಲಿಲ್ಲ.

ಈಗ ಹೇಳಿ. ಎರಡು ಪಟ್ಟಿಯನ್ನು ಒಂದು ಮಾಡುವಾಗ ಯಾವ ಹೆಸರು ಉಳಿಯುತ್ತದೆ? ದೇಯಿಯಾ, ದೇವಿಯಾ, ದೇವಕಿಯಾ?

ಉಪ್ಪಳ ಪೇಟೆ

ಅಕ್ಕಾ, ನೀವು ಹೇಳಿದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಫಾರಂ ನಂಬರ್ ಬಗ್ಗೆ ಮಾತ್ರ ಯೋಚಿಸಿದ್ದೆ. ನನ್ನ ಹತ್ತಿರ ಬರುವವರಲ್ಲೂ ಇದು ತುಂಬ ಇದೆ. ನಾರಾಯಣ ಇದ್ದವರು ನಾರಾಯಣನ್, ಕೃಷ್ಣ ಇದ್ದವರು ಕೃಷ್ಣನ್. ಕೊನೆಗೊಂದು 'ನ್' ಸೇರಿಕೊಂಡರೆ ಆಧಾರ್‌ಗೂ ಕಾರ್ಡಿಗೂ ಹೊಂದುವುದಿಲ್ಲ. ಆಮೇಲೆ ಪಿಂಚಣಿಗೆ, ಬ್ಯಾಂಕಿಗೆ, ಎಲ್ಲದಕ್ಕೂ ಅಲೆದಾಟ.

ಹೊಸದುರ್ಗದ ಕಡೆಯವರಿಗೆ ಒಂದು ಮಾತು. 2002ರ ಪಟ್ಟಿಯಲ್ಲಿ ಕಾಞಂಗಾಡ್ ಎಂದು ಹುಡುಕಿದರೆ ಸಿಗುವುದಿಲ್ಲ. ಆಗ ಕ್ಷೇತ್ರದ ಹೆಸರೇ ಹೊಸದುರ್ಗ. ಬೂತ್ ನಂಬರ್‌ಗಳೂ ಆಗಿನವು ಬೇರೆ. ಹೆಸರಿಲ್ಲ ಎಂದು ಗಾಬರಿಯಾಗುವ ಮೊದಲು ಹಳೇ ಕ್ಷೇತ್ರದಲ್ಲಿ ನೋಡಿ.

ತಲಪಾಡಿ ಬಸ್ಸು

ನಾನು ಮಂಗಳೂರಲ್ಲಿ ಕೆಲಸ ಮಾಡುವವನು. ಒಂದು ಪಟ್ಟಿ ಬರಲೇಬೇಕು ಎನ್ನುತ್ತೇನೆ, ಆದರೆ ನನ್ನ ಕಾರಣ ಬೇರೆ. ನಮ್ಮಲ್ಲಿ ಎಷ್ಟೋ ಜನರ ಹೆಸರು ಅಲ್ಲೂ ಉಂಟು, ಇಲ್ಲೂ ಉಂಟು. ಮಂಗಳೂರಿನ ಬಾಡಿಗೆ ಮನೆಯ ವಿಳಾಸದಲ್ಲಿ ವಿಧಾನಸಭೆಗೆ, ಊರಿನ ಮನೆಯ ವಿಳಾಸದಲ್ಲಿ ಪಂಚಾಯತಿಗೆ. ತಪ್ಪು ಎಂದು ಹೆಚ್ಚಿನವರಿಗೆ ಅನಿಸುವುದೇ ಇಲ್ಲ. ಊರಲ್ಲಿ ತೋಟ ಉಂಟಲ್ಲ ಎನ್ನುತ್ತಾರೆ.

1950ರ ಜನಪ್ರಾತಿನಿಧ್ಯ ಕಾಯ್ದೆ ಓದಿ. ಮನೆ ಇದೆ ಎಂಬ ಒಂದೇ ಕಾರಣಕ್ಕೆ ಒಬ್ಬ ಅಲ್ಲಿಯ ಸಾಮಾನ್ಯ ನಿವಾಸಿ ಆಗುವುದಿಲ್ಲ ಎಂದು 20ನೇ ಕಲಂ ಹೇಳುತ್ತದೆ. ಒಂದಕ್ಕಿಂತ ಹೆಚ್ಚು ಕ್ಷೇತ್ರದಲ್ಲಿ ಹೆಸರಿರಬಾರದು ಎನ್ನುವುದು 17ನೇ ಕಲಂ. ಸುಳ್ಳು ಹೇಳಿಕೆ ಕೊಟ್ಟರೆ 31ನೇ ಕಲಂ ಪ್ರಕಾರ ಒಂದು ವರ್ಷದ ತನಕ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಇದು ಸಣ್ಣ ವಿಷಯ ಅಲ್ಲ. 2016ರಲ್ಲಿ ಮಂಜೇಶ್ವರದಲ್ಲಿ ಗೆಲುವಿನ ಅಂತರ 89 ಮತ. ಎರಡು ಮದುವೆ ಬಸ್ಸಿನ ಜನ. ಮುಂದಿನ ಸಾರ್ವತ್ರಿಕ ಚುನಾವಣೆಯಲ್ಲಿ, 2021ರಲ್ಲಿ, 745. ಇಲ್ಲಿ ಒಂದೊಂದು ಹೆಸರಿಗೂ ತೂಕ ಇದೆ.

ಹಳೇ ಮೇಷ್ಟ್ರು, ನೀರ್ಚಾಲು

ಆ 89ರ ಕಥೆಯ ಇನ್ನೊಂದು ಮಗ್ಗುಲನ್ನೂ ನೆನಪಿಡಬೇಕು. ಸೋತ ಬಿಜೆಪಿಯ ಕೆ. ಸುರೇಂದ್ರನ್ ಹೈಕೋರ್ಟಿಗೆ ಹೋದರು. ಸತ್ತವರ, ಪರದೇಶದಲ್ಲಿದ್ದವರ ಹೆಸರಿನಲ್ಲಿ ಮತ ಬಿದ್ದಿದೆ ಎನ್ನುವುದು ಅವರ ದೂರು. ಆದರೆ ಸತ್ತವರು ಎಂದು ಹೆಸರಿಸಿದವರಲ್ಲಿ ಕೆಲವರು 'ನಾವು ಬದುಕಿದ್ದೇವೆ' ಎಂದು ಎದುರು ಬಂದರು. ಗೆದ್ದಿದ್ದ ಶಾಸಕ ಪಿ.ಬಿ. ಅಬ್ದುಲ್ ರಝಾಕ್ 2018ರಲ್ಲಿ ತೀರಿಕೊಂಡರು. 2019ರಲ್ಲಿ ಸುರೇಂದ್ರನ್ ದೂರು ಹಿಂದೆ ಪಡೆದರು, ಉಪಚುನಾವಣೆ ನಡೆಯಿತು.

ಎರಡು ಕಡೆ ಹೆಸರಿರುವುದು ತಪ್ಪೇ. ಅದೇ ರೀತಿ ಬದುಕಿರುವವನನ್ನು ಕಾಗದದಲ್ಲಿ ಸಾಯಿಸುವುದೂ ತಪ್ಪು. ಪಟ್ಟಿ ಶುದ್ಧ ಮಾಡುವ ಭರದಲ್ಲಿ ಎರಡನೆಯದು ಜಾಸ್ತಿ ಆಗುತ್ತದೆ. ಡಿಸೆಂಬರ್ 23ರಂದು ಬಂದ ಕರಡು ಪಟ್ಟಿಯಲ್ಲಿ ಕೇರಳದ ಸುಮಾರು 24 ಲಕ್ಷ ಹೆಸರು ಇರಲಿಲ್ಲ. ಸತ್ತವರೂ ಅದರಲ್ಲಿದ್ದಾರೆ, ಊರು ಬಿಟ್ಟವರೂ ಇದ್ದಾರೆ. ಸುಮ್ನೆ ಆ ದಿನ ಮನೆಯಲ್ಲಿ ಇಲ್ಲದವರೂ ಇರಬಹುದು ಅಲ್ವಾ?

ದುಬೈಯಿಂದ, ಊರು ಕುಂಬಳೆ

ನಮ್ಮ ಬಗ್ಗೆಯೂ ಎರಡು ಮಾತು. ಹೊರದೇಶದಲ್ಲಿರುವ ಭಾರತೀಯರಿಗೆ 20ಎ ಕಲಂ ಇದೆ, ಫಾರಂ 6ಎ ಹಾಕಬೇಕು. ಮತ ಹಾಕಲು ಮಾತ್ರ ಪಾಸ್‌ಪೋರ್ಟ್ ಹಿಡಿದು ಊರಿಗೇ ಬರಬೇಕು. ನಮ್ಮಲ್ಲಿ ಹೆಚ್ಚಿನವರು ಅದನ್ನು ಹಾಕಿಯೇ ಇಲ್ಲ. ಸಾಮಾನ್ಯ ಮತದಾರರಾಗಿಯೇ ಹೆಸರು ಇತ್ತು, ಈಗ ಸ್ಥಳದಲ್ಲಿ ಇಲ್ಲ ಎಂದು ಹೋಯಿತು. ಮನೆಯಲ್ಲಿ ಗಲ್ಫಿನವರಿದ್ದರೆ ದಯವಿಟ್ಟು ನೋಡಿ ತಿಳಿಸಿ. ಅಮ್ಮ ಫೋನಿನಲ್ಲಿ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು.

ವಕೀಲರ ಗುಮಾಸ್ತ, ಬದಿಯಡ್ಕ

ಬಾಯಾರಿನ ಅಕ್ಕನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನನ್ನ ಪ್ರಕಾರ ಇಡೀ ಚರ್ಚೆಯ ಗಂಟು ಅಲ್ಲೇ ಇರುವುದು.

ಈಗ ಎರಡು ಪಟ್ಟಿ ಇರುವುದರಿಂದ ಒಂದು ಲಾಭ ಇದೆ. ಒಂದರಲ್ಲಿ ತಪ್ಪಾದರೆ ಇನ್ನೊಂದನ್ನು ಸಾಕ್ಷಿಯಾಗಿ ತೋರಿಸಬಹುದು. 'ನೋಡಿ, ಪಂಚಾಯತ್ ಪಟ್ಟಿಯಲ್ಲಿ ಇದೇ ಮನೆಯಲ್ಲಿ ದೇಯಿ ಇದ್ದಾರೆ' ಎನ್ನಬಹುದು. ಒಂದರಲ್ಲಿ ಹೆಸರು ಹೋದರೂ ಇನ್ನೊಂದು ಮತ ಉಳಿಯುತ್ತದೆ. ಒಂದೇ ಪಟ್ಟಿ ಆದ ದಿನ ಒಂದು ಅಕ್ಷರದ ತಪ್ಪು ಎರಡೂ ಮತವನ್ನು ತಿನ್ನುತ್ತದೆ. ಮಲಯಾಳ ಬಲ್ಲವನು ತಪ್ಪನ್ನು ನೋಡಿದ ಕೂಡಲೇ ಹಿಡಿಯುತ್ತಾನೆ. ನಮ್ಮ ಅಜ್ಜಿಯಂದಿರು ಬೂತಿಗೆ ಹೋದ ದಿನವೇ ತಿಳಿದುಕೊಳ್ಳಬೇಕು. ಆದ್ದರಿಂದ ನನ್ನ ಮಾತು ಇಷ್ಟೇ: ಒಂದು ಪಟ್ಟಿ ಬೇಡ ಎನ್ನುವುದಿಲ್ಲ. ಮೊದಲು ಆ ಪಟ್ಟಿ ನಮಗೆ ಓದಲು ಬರುವ ಹಾಗೆ ಆಗಲಿ.

ಅದಕ್ಕೆ ಸಂವಿಧಾನ ತಿದ್ದುವುದೇನೂ ಬೇಕಿಲ್ಲ. 1960ರ ಮತದಾರರ ನೋಂದಣಿ ನಿಯಮದ 4ನೇ ನಿಯಮ ನೋಡಿ. ಆಯೋಗ ಹೇಳಿದ ಭಾಷೆಯಲ್ಲಿ ಅಥವಾ ಭಾಷೆಗಳಲ್ಲಿ ಪಟ್ಟಿ ಇರಬೇಕು ಎಂದಿದೆ. 'ಭಾಷೆಗಳಲ್ಲಿ' ಎಂದು ಬಹುವಚನ ಅಲ್ಲೇ ಇದೆ. ಮಂಜೇಶ್ವರ, ಕಾಸರಗೋಡು ಕ್ಷೇತ್ರಗಳ ಮತಯಂತ್ರದ ಮೇಲೆ ಅಭ್ಯರ್ಥಿಗಳ ಹೆಸರು ಕನ್ನಡದಲ್ಲೂ ಇರುತ್ತದೆ. ಅಭ್ಯರ್ಥಿಯ ಹೆಸರನ್ನು ನಾನು ಓದಬಹುದು. ನನ್ನ ಬೂತ್‌ನಲ್ಲಿ ನನ್ನ ಕೈಗೆ ಬಂದ ಪಟ್ಟಿಯಲ್ಲಿ ನನ್ನದೇ ಹೆಸರನ್ನು ಓದಿಸಲು ಇನ್ನೊಬ್ಬರನ್ನು ಕರೆಯಬೇಕಾಯಿತು.

ಮೊಗ್ರಾಲ್ ಪುತ್ತೂರು

ಗುಮಾಸ್ತರೇ, ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ನನ್ನ ಮನೆಮಾತು ಮಲಯಾಳ, ಓದಿದ್ದು ಕನ್ನಡ ಶಾಲೆಯಲ್ಲಿ. ಪಟ್ಟಿಯಲ್ಲಿ ತಪ್ಪು ಮಲಯಾಳದವರಿಗೂ ಆಗಿದೆ. ನನ್ನ ಬ್ಯಾರಿ ಗೆಳೆಯರಿಗಂತೂ ಎರಡೂ ಭಾಷೆಯಲ್ಲಿ ತಪ್ಪು. ಇದನ್ನು ಕನ್ನಡ, ಮಲಯಾಳ ಜಗಳ ಮಾಡಿದರೆ ನಾಳೆ ಪತ್ರಿಕೆಯಲ್ಲಿ ಒಂದು ಸುದ್ದಿ ಬರುತ್ತದೆ, ಹೆಸರು ಸರಿಯಾಗುವುದಿಲ್ಲ. ನಮ್ಮ ಬೂತ್ ಮಟ್ಟದ ಅಧಿಕಾರಿ ಅಂಗನವಾಡಿ ಟೀಚರ್. ರಾತ್ರಿ ಒಂಬತ್ತರ ತನಕ ಟಾರ್ಚ್ ಹಿಡಿದು ಮನೆ ಮನೆ ಸುತ್ತುತ್ತಿದ್ದರು. ಅವರಿಗೆ ಕನ್ನಡ ಬರುವುದಿಲ್ಲ. ಅದು ಅವರ ತಪ್ಪಲ್ಲ. ಕನ್ನಡ ಮನೆಗಳಿಗೆ ಕನ್ನಡ ಬಲ್ಲ ಒಬ್ಬರನ್ನು ಜೊತೆಗೆ ಕಳಿಸಬಹುದಿತ್ತು.

ವಕೀಲರ ಗುಮಾಸ್ತ, ಬದಿಯಡ್ಕ

ನಿಮ್ಮ ಮಾತು ಸರಿ, ತಿದ್ದಿಕೊಳ್ಳುತ್ತೇನೆ. ಜಗಳ ನನಗೂ ಬೇಡ. ಇದೇ ಪಟ್ಟಿಯನ್ನು ಕನ್ನಡ ಮತ್ತು ಮಲಯಾಳ ಎರಡರಲ್ಲೂ ಪಕ್ಕ ಪಕ್ಕ ಕೊಟ್ಟರೆ ಇಬ್ಬರಿಗೂ ಒಳ್ಳೆಯದು. ಕನ್ನಡ ಬಲ್ಲವರನ್ನು ಕಳಿಸುವ ನಿಮ್ಮ ಮಾತನ್ನೂ ಅರ್ಜಿಯಲ್ಲಿ ಸೇರಿಸಬೇಕು.

ಅರ್ಜಿ ಕನ್ನಡದಲ್ಲೇ ಬರೆಯಿರಿ. ಸಂವಿಧಾನದ 350ನೇ ವಿಧಿ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ನಮ್ಮ ದೂರನ್ನು ಅಧಿಕಾರಿಗೆ ಕೊಡಬಹುದು. ಹೆಸರು ಹೋಗಿದ್ದರೆ ಹೆದರಬೇಡಿ. ನೋಂದಣಿ ಅಧಿಕಾರಿಯ ತೀರ್ಮಾನದ ಮೇಲೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಅರ್ಜಿ ಕೊಟ್ಟಾಗ ರಸೀದಿ ಕೇಳಿ ಪಡೆಯಿರಿ, ಬಾಯಿಮಾತಿಗೆ ಬೆಲೆ ಇಲ್ಲ.

ಹಳೇ ಮೇಷ್ಟ್ರು, ನೀರ್ಚಾಲು

ದೇಯಿ ಅಮ್ಮನ ಹೆಸರಿನ ವಿಷಯ ಓದಿ 1951-52ರ ಮೊದಲ ಚುನಾವಣೆ ನೆನಪಾಯಿತು. ಆಗ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದೆವು. ಉತ್ತರದ ಕಡೆಯ ಪ್ರಾಂತ್ಯಗಳಲ್ಲಿ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಅಮ್ಮ ಎಂದು ಬರೆಸಿದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಬೇಕು ಎಂದರು. ಕಾಲಾವಕಾಶ ಕೊಟ್ಟ ಮೇಲೂ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಹೊರಗೆ ಉಳಿಯಿತು. ಆದರೆ ಆಮೇಲಿನ ಚುನಾವಣೆಗಳಲ್ಲಿ ಹೆಂಗಸರು ಸ್ವಂತ ಹೆಸರಿನಲ್ಲೇ ಬಂದರು.

ಸ್ವಂತ ಹೆಸರು ಬೇಕು ಎಂದು ಅಷ್ಟು ಹಿಂದೆಯೇ ಹಟ ಹಿಡಿದ ವ್ಯವಸ್ಥೆ ಇದು. ಅದೇ ವ್ಯವಸ್ಥೆ ದೇಯಿಯನ್ನು ದೇವಕಿ ಮಾಡಿ ಬಿಡಬಾರದು.

ವಿಟ್ಲದಿಂದ ಬಾಯಾರಿಗೆ

ಮೇಷ್ಟ್ರೇ, ನಿಮ್ಮ ಬರಹವನ್ನು ಅತ್ತೆಗೆ ಓದಿ ಹೇಳಿದೆ. ಅವರು ಪೆಟ್ಟಿಗೆಯಿಂದ ಶಾಲೆಯ ಹಳೇ ಸರ್ಟಿಫಿಕೇಟ್ ತೆಗೆದು ಕೊಟ್ಟರು. ಅಂಚೆಲ್ಲ ಹುಳ ತಿಂದಿದೆ. ನಡುವೆ ಶಾಯಿಯಲ್ಲಿ 'ದೇಯಿ' ಎಂದು ಸ್ಪಷ್ಟವಾಗಿ ಕಾಣುತ್ತದೆ. ಫಾರಂ 8ರ ಜೊತೆ ಇದರ ನಕಲು ಇಡಬಹುದಾ?

ವಕೀಲರ ಗುಮಾಸ್ತ, ಬದಿಯಡ್ಕ

ಖಂಡಿತ ಇಡಿ. ಅದರ ಜೊತೆ ಪಂಚಾಯತ್ ಪಟ್ಟಿಯ ಆ ಪುಟದ ಪ್ರತಿಯನ್ನೂ ಇಡಿ. ಮೂಲ ಸರ್ಟಿಫಿಕೇಟನ್ನು ಯಾರ ಕೈಗೂ ಕೊಡಬೇಡಿ, ತೋರಿಸಿ ವಾಪಸ್ ತನ್ನಿ.

ಪೆರ್ಲ ಕಡೆಯವ

ನಾನು 'ಒಂದು ಪಟ್ಟಿ ಬರಲಿ' ಎಂದು ಶುರು ಮಾಡಿದವನು. ಎಲ್ಲ ಓದಿದ ಮೇಲೆ ನನ್ನ ಬೇಡಿಕೆ ಬದಲಾಗಿದೆ. ಎರಡು ಅರ್ಜಿ ಬರೆಯೋಣ. ಒಂದು ರಾಜ್ಯ ಚುನಾವಣಾ ಆಯೋಗಕ್ಕೆ: ಪಂಚಾಯತ್ ಪಟ್ಟಿಗೂ ನಾಲ್ಕು ಅರ್ಹತಾ ದಿನಾಂಕ ಬರುವಂತೆ ಸರಕಾರಕ್ಕೆ ಶಿಫಾರಸು ಮಾಡಿ, ಎರಡೂ ಕಡೆ ಫಾರಂ ನಂಬರ್ ಒಂದೇ ಮಾಡಿ ಎಂದು. ಇನ್ನೊಂದು ಮುಖ್ಯ ಚುನಾವಣಾಧಿಕಾರಿಗೆ: 4ನೇ ನಿಯಮದಂತೆ ನಮ್ಮ ಬೂತ್‌ಗಳಿಗೆ ಕನ್ನಡದ ಪಟ್ಟಿ, ಕನ್ನಡದ ಫಾರಂ, ಕನ್ನಡ ಬಲ್ಲ ಒಬ್ಬರು. ಗುಮಾಸ್ತರು ಕರಡು ಬರೆದರೆ ಮೇಷ್ಟ್ರು ತಿದ್ದಿಕೊಡಲಿ. ಮೊಗ್ರಾಲಿನವರು ಮಲಯಾಳಕ್ಕೆ ಹಾಕಿಕೊಟ್ಟರೆ ಎರಡೂ ಭಾಷೆಯಲ್ಲಿ ಕಳಿಸಬಹುದು.

ಮೊಗ್ರಾಲ್ ಪುತ್ತೂರು

ಹಾಕಿಕೊಡುತ್ತೇನೆ. ಕರಡು ಸಿಕ್ಕಿದ ಮರುದಿನವೇ ಕಳಿಸುತ್ತೇನೆ.

ಉಪ್ಪಳ ಪೇಟೆ

ಎರಡೂ ಪಟ್ಟಿಯ ನಮ್ಮ ವಾರ್ಡಿನ ಪ್ರತಿ ತೆಗೆದು ಇಟ್ಟಿದ್ದೇನೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತೇನೆ. ಒಬ್ಬ ಹುಡುಗ ಮಲಯಾಳ ಓದುತ್ತಾನೆ, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಬರುವವರು ಹಳೇ ಕಾರ್ಡ್, ಆಧಾರ್, ಇದ್ದರೆ ಶಾಲೆಯ ಸರ್ಟಿಫಿಕೇಟ್ ತನ್ನಿ. ಪೆರ್ಲದವರೇ, ಮಗಳನ್ನೂ ಕರೆದುಕೊಂಡು ಬನ್ನಿ. ಓದಲು, ಬರೆಯಲು ಇನ್ನೊಂದು ಕೈ ಬೇಕು.

ಪೆರ್ಲ ಕಡೆಯವ

ಕೇಳಿದೆ. ಬರುತ್ತಾಳಂತೆ. ಎರಡೂವರೆಯ ಬಸ್ಸಿಗೆ ಹೊರಡುತ್ತೇವೆ, ಸ್ವಲ್ಪ ತಡವಾದರೆ ಕಾಯಿರಿ.